ಡೋಣಿ ದಂಡೆಯ ಬದುವಿನ ಮೇಲೆ ಉರಿಬಿಸಿಲಿಗೂ ಹಸಿರಾಗಿರುವ ಈ ಗಿಡ ಯಾವುದು?

ರೊಟ್ಟಿ ಅಕ್ಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತೇನೆ. ಗಿಡಮರದ ವಿದ್ಯೆ ನನ್ನದಲ್ಲ. ಜೋಳ, ಕಡಲೆ, ಕುಸುಬಿ ಗೊತ್ತು. ಬೇವು, ಬನ್ನಿ, ಜಾಲಿ ಗೊತ್ತು. ಅದರಾಚೆ ಎಲ್ಲವೂ ನನಗೆ ಬರೀ ಗಿಡವೇ. ಈಗ ಒಂದು ಗಿಡದ ಹೆಸರು ತುರ್ತಾಗಿ ಬೇಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಾರವಾಡದ ಆಚೆ, ಡೋಣಿ ದಂಡೆಗೆ, ಅವ್ವನ ಕಡೆಯಿಂದ ಬಂದ ನಾಲ್ಕು ಎಕರೆ ಎರಿ ಹೊಲ ಇದೆ. ತಮ್ಮ ಮಾಡುತ್ತಾನೆ. ಹಿಂಗಾರಿಗೆ ಬಿಳಿಜೋಳ, ನಡುವೆ ಕುಸುಬಿ, ಒಂದೊಂದು ವರ್ಷ ಕಡಲೆ. ಮೇಲಿನ ಹೊಲ ಬಂಗಾರ. ಹೊಳೆ ಕಡೆಯ ತುಂಡು ಮಾತ್ರ ಸವಳು. ಮಳೆ ನಿಂತು ನೆಲ ಆರಿದರೆ ಸಾಕು, ಬೆಳ್ಳಗೆ ಉಪ್ಪು ಏಳುತ್ತದೆ. ‘ಡೋಣಿ ಬೆಳೆದರ ಓಣೆಲ್ಲಾ ಕಾಳು’ ಅಂತ ನಮ್ಮ ಕಡೆ ಗಾದೆ ಇದೆಯಲ್ಲ, ಅದನ್ನು ಕಟ್ಟಿದವರು ಆ ತುಂಡು ನೋಡಿರಲಿಕ್ಕಿಲ್ಲ.

ಆ ಸವಳಿನ ಬದುವಿನ ಮೇಲೆ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆ. ಜಾಲಿಯ ನಡುವೆ ಬೇರೆಯೇ ಒಂದು ಗಿಡ ಇದೆ. ಮರ ಅನ್ನಲಿಕ್ಕೆ ಗಿಡ್ಡ, ಪೊದೆ ಅನ್ನಲಿಕ್ಕೆ ದೊಡ್ಡದು. ಬುಡ ನನ್ನ ಸೊಂಟದಷ್ಟು ದಪ್ಪ, ಸೊಟ್ಟ ಸೊಟ್ಟಾಗಿ ಸೀಳಿದೆ. ಟೊಂಗೆಗಳು ಮೇಲೆ ಹೋಗಿ ಮತ್ತೆ ಕೆಳಗೆ ಇಳಿದು ನೆಲ ಮುಟ್ಟಿವೆ. ಎಳೆ ಟೊಂಗೆಗಳ ಬಣ್ಣ ಬೂದಿ-ಬಿಳುಪು. ಒಳಗೆ ಹೊಕ್ಕರೆ ಇಬ್ಬರು ಕೂತು ಬುತ್ತಿ ಬಿಚ್ಚುವಷ್ಟು ಜಾಗ ಇದೆ. ಅವ್ವ ಇದ್ದಾಗ ರಾಶಿಯ ಹೊತ್ತಿಗೆ ಮಕ್ಕಳನ್ನು ಅಲ್ಲೇ ಮಲಗಿಸುತ್ತಿದ್ದಳಂತೆ.

ನನಗೆ ಕುತೂಹಲ ಹುಟ್ಟಿಸಿದ್ದು ಅದರ ಹಸಿರು. ಈಗ ಏಪ್ರಿಲ್. ಸುತ್ತ ಎಲ್ಲ ಸುಟ್ಟು ಬೂದಿ ಬಣ್ಣ. ಬಾವಿ ನೀರು ಕುಡಿಯುವಂತಿಲ್ಲ, ದನ ಸಹ ಮೂಸಿ ಬಿಡುತ್ತವೆ. ಇಂಥಾದ್ದರಲ್ಲಿ ಈ ಗಿಡ ಒಂದು ಎಲೆಯನ್ನೂ ಉದುರಿಸದೆ ತುಂಬಿಕೊಂಡು ನಿಂತಿದೆ. ಆಡು ಮೇಯುತ್ತವೆ, ನಮ್ಮ ಆಳಿನ ಆಡುಗಳು ಜಾಲಿ ಬಿಟ್ಟು ಇದಕ್ಕೇ ಬಾಯಿ ಹಾಕುತ್ತವೆ. ಸುತ್ತ ಯಾವಾಗಲೂ ಒಂದು ಜಾತಿಯ ಸಣ್ಣ ಚಿಟ್ಟೆ ಹಾರಾಡುತ್ತಿರುತ್ತವೆ, ಮಾಸಿದ ಕಿತ್ತಳೆ ಬಣ್ಣ, ಅಂಚು ಕಪ್ಪು.

ತಮ್ಮನದು ಒಂದೇ ಮಾತು: ‘ಅಕ್ಕಾ, ಅದ್ಯಾವ್ದೋ ಕಾಡಗಿಡ, ಜಾಲಿ ಜೋಡಿ ಅದನ್ನೂ ಕಿತ್ತ ಒಗಿಯೂಣು.’ ಮುಂದಿನ ವಾರ ಜೆಸಿಬಿ ಹೇಳಿದ್ದಾನೆ. ಬದು ಸಪಾಟು ಮಾಡಿ ಒಂದು ಗುಂಟೆಯಾದರೂ ಜಾಸ್ತಿ ಉಳುವುದು ಅವನ ಲೆಕ್ಕ. ಊರಲ್ಲಿ ಹಿರಿಯರನ್ನು ಕೇಳಿದೆ, ಒಬ್ಬೊಬ್ಬರದು ಒಂದೊಂದು ಹೆಸರು. ಫೋನಿನ ಆಪ್‌ಗೆ ಫೋಟೋ ಹಾಕಿದರೆ ಆಲಿವ್ ಮರ ಅನ್ನುತ್ತದೆ. ಡೋಣಿ ದಂಡೆಗೆ ಆಲಿವ್ ಯಾರು ತಂದು ಹಚ್ಚಿದರು, ಹೇಳಿ!

ಹೆಸರು ಗೊತ್ತಿದ್ದವರು ದಯವಿಟ್ಟು ತಿಳಿಸಿ. ಕೀಳಬೇಕೋ ಬಿಡಬೇಕೋ ಅದನ್ನೂ ಹೇಳಿ.

ಬಿಳಿಜೋಳ, ಬಾದಾಮಿ

ಬಂದರಿಕಿ ಇರಬೇಕು ಅಕ್ಕಾರ. ನಮ್ಮ ಬಾದಾಮಿ ಗುಡ್ಡದ ತುಂಬ ಅದೇ ಇದೆ. ಎಂಥಾ ಬಿಸಿಲಿಗೂ ಹಸಿರು. ಹಿಂದೆ ಮನೆ ಮಾಳಿಗೆಗೆ ಹೊದಿಸುತ್ತಿದ್ದರು. ಆದರೆ ಆಡು ಅದನ್ನು ಮುಟ್ಟುವುದಿಲ್ಲ, ಅದೊಂದು ತಾಳೆ ಆಗುತ್ತಿಲ್ಲ.

ಓಣಿ ಹುಡುಗ, ಇಂಡಿ

ಆಲಿವ್ ಆಗಿದ್ದರೆ ಎಣ್ಣೆ ತೆಗೆದು ಮಾರಿ ಅಕ್ಕಾ, ಖಾನಾವಳಿ ಬಿಟ್ಟುಬಿಡಬಹುದು 😄 ತಮಾಷೆ ಬಿಡಿ, ಒಂದು ಎಲೆ ಕಚ್ಚಿ ನೋಡಿ. ರುಚಿ ಹೇಳಿದರೆ ಇಲ್ಲಿ ಯಾರಾದರೂ ಗುರುತು ಹಿಡಿಯುತ್ತಾರೆ.

ಗುಡ್ಡದ ಮಾಸ್ತರ, ಬಾಗಲಕೋಟೆ

ದಯವಿಟ್ಟು ಯಾರೂ ಕಚ್ಚಬೇಡಿ. ಹೆಸರು ಗೊತ್ತಿಲ್ಲದ ಹಸಿರು ಪೊದೆಯನ್ನು ಬಾಯಿಗೆ ಹಾಕಿಕೊಳ್ಳುವುದು ಗುರುತಿಸುವ ದಾರಿಯಲ್ಲ. ಬೇಸಿಗೆಯಲ್ಲಿ ಹಸಿರಾಗಿರುವ ಪೊದೆ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದೇ ಕಣಗಿಲ. ಅದರ ಎಲೆಯೂ ವಿಷ, ಹಳದಿ ಕಣಗಿಲದ ಬೀಜವಂತೂ ನೇರ ಹೃದಯಕ್ಕೇ ಹೊಡೆಯುತ್ತದೆ. ಆಡು ತಿನ್ನುತ್ತದೆ ಅಂದ ಮಾತ್ರಕ್ಕೆ ಮನುಷ್ಯರಿಗೆ ಸರಿ ಅಂತಲೂ ಅಲ್ಲ. ಎಕ್ಕೆಯನ್ನು ಸಹ ಹಸಿದ ಆಡು ತಿನ್ನುವುದನ್ನು ನೋಡಿದ್ದೇನೆ.

ಅಕ್ಕಾರ, ನೀವು ಚೆನ್ನಾಗಿ ಬರೆದಿದ್ದೀರಿ. ಬುಡ, ಟೊಂಗೆ, ನೆಲ, ಚಿಟ್ಟೆ ಎಲ್ಲ ಹೇಳಿದಿರಿ, ಎಲೆಯ ಬಗ್ಗೆ ಮಾತ್ರ ಹೇಳಲಿಲ್ಲ. ಎಲೆಯಲ್ಲೇ ಅರ್ಧ ಉತ್ತರ ಇರುತ್ತದೆ. ಮುಂದಿನ ಸಲ ಹೊಲಕ್ಕೆ ಹೋದಾಗ ಇಷ್ಟು ನೋಡಿ. ಟೊಂಗೆಯ ಒಂದೇ ಗಿಣ್ಣಿನಲ್ಲಿ ಎರಡು ಎಲೆ ಎದುರುಬದುರು ಇವೆಯೋ, ಅಥವಾ ಒಂದು ಆಚೆ ಒಂದು ಈಚೆ ಅಂತ ಮೇಲೆ ಕೆಳಗೆ ಇವೆಯೋ? ಬಂದರಿಕೆಯದು ಮೇಲೆ ಕೆಳಗೆ, ಜೊತೆಗೆ ಎಲೆ ಅಂಟಂಟು. ಕಣಗಿಲದ್ದು ಒಂದು ಗಿಣ್ಣಿಗೆ ಮೂರು ಮೂರು. ಎಲೆ ಕಿತ್ತ ಜಾಗದಲ್ಲಿ ಹಾಲು ಬರುತ್ತದೆಯೇ? ಗಿಣ್ಣಿನಲ್ಲಿ ಮುಳ್ಳು ಇದೆಯೇ? ಹಾಲು ಇದ್ದು ಮುಳ್ಳೂ ಇದ್ದರೆ ಕವಳಿ ಕಡೆ ನೋಡಬೇಕು. ಹಾಲಿಲ್ಲ, ಗಿಣ್ಣಿಗೆ ನಾಲ್ಕು ಮುಳ್ಳು ಅಂದರೆ ಇನ್ನೊಂದು ಗಿಡ ಇದೆ, ಅಜೀಮಾ ಅಂತ.

ಕೊನೆಗೆ ಒಂದೆರಡು ಎಲೆ ಅಂಗೈಯಲ್ಲಿ ಚೆನ್ನಾಗಿ ಹಿಸುಕಿ ವಾಸನೆ ನೋಡಿ, ಆಮೇಲೆ ಕೈ ತೊಳೆಯಿರಿ. ಹೂವೋ ಹಣ್ಣೋ ಇದ್ದರೆ ಬಣ್ಣ, ಗಾತ್ರ, ಒಳಗೆ ಬೀಜ ಎಷ್ಟು ಅಂತ ಬರೆಯಿರಿ. ನನ್ನ ತಲೆಯಲ್ಲಿ ಒಂದು ಹೆಸರು ಇದೆ. ಈಗಲೇ ಹೇಳಿದರೆ ನೀವು ಅದಕ್ಕೆ ತಕ್ಕಂತೆ ನೋಡುತ್ತೀರಿ, ಅದಕ್ಕೇ ಸುಮ್ಮನಿದ್ದೇನೆ.

ರೊಟ್ಟಿ ಅಕ್ಕ, ವಿಜಯಪುರ

ಮಾಸ್ತರ, ಇವತ್ತು ಬೆಳಗ್ಗೆ ರೊಟ್ಟಿ ಬಡಿಯುವುದನ್ನು ಹುಡುಗಿಯರಿಗೆ ಬಿಟ್ಟು ಹೋಗಿ ಬಂದೆ.

ಎಲೆ ಎದುರುಬದುರು, ಜೋಡಿ ಜೋಡಿ. ಎಲ್ಲಿ ನೋಡಿದರೂ ಹಾಗೆಯೇ. ಉದ್ದ ನನ್ನ ತೋರುಬೆರಳಿನ ಎರಡು ಗೆಣ್ಣಿನಷ್ಟು, ಮೊಟ್ಟೆಯಾಕಾರ, ತುದಿ ಮೊಂಡು. ಕೈಗೆ ದಪ್ಪ ಹತ್ತುತ್ತದೆ, ಗೋಳಿ ಪಲ್ಯದಷ್ಟಲ್ಲ, ಆದರೂ ಒಳಗೆ ರಸ ಇರುವುದು ಗೊತ್ತಾಗುತ್ತದೆ. ಮಡಿಚಿದರೆ ಟಕ್ಕಂತ ಮುರಿಯುತ್ತದೆ. ನರ ಸರಿಯಾಗಿ ಕಾಣುವುದೇ ಇಲ್ಲ, ನಡುವಿನದೊಂದು ಬಿಟ್ಟು. ಎರಡೂ ಬದಿ ಒಂದೇ ಥರ ಹಸಿರು. ಅಂಟು ಇಲ್ಲ. ಹಾಲು ಇಲ್ಲ. ಮುಳ್ಳು ಇಲ್ಲ, ನನಗೆ ಚುಚ್ಚಿದ್ದೆಲ್ಲ ಪಕ್ಕದ ಜಾಲಿಯದು.

ಇನ್ನು ವಾಸನೆ. ಮೊದಲು ಸುಮ್ನೆ ಹಸಿ ಸೊಪ್ಪಿನ ವಾಸನೆ ಬಂತು. ಇನ್ನೂ ಹಿಸುಕಿದೆ. ಆಮೇಲೆ ಮೂಗಿಗೆ ಹೊಡೆಯಿತು ನೋಡಿ! ಸಾಸಿವೆ ಅರೆಯುವಾಗ ಒರಳಿನಿಂದ ಏಳುತ್ತದಲ್ಲ, ಅದೇ ಘಾಟು. ಸ್ವಲ್ಪ ಹಸಿ ಮೂಲಂಗಿಯ ಕಡೆಗೂ ವಾಲುತ್ತದೆ. ಉಪ್ಪಿನಕಾಯಿಗೆ ವರ್ಷಾ ಸಾಸಿವೆ ಪುಡಿ ಮಾಡುವವಳು ನಾನು, ಆ ಘಾಟು ನನಗೆ ಬೇರೆ ಯಾವುದರ ಜೊತೆಗೂ ಕಲಸಿಹೋಗುವುದಿಲ್ಲ. ತಮ್ಮನ ಮೂಗಿನ ಹತ್ತಿರ ಹಿಡಿದೆ, ಅವನೂ ‘ಸಾಸಿವಿ’ ಅಂದ. ಬದು ಕುಸಿದ ಕಡೆ ಒಂದು ಎಳೆ ಬೇರು ಹೊರಗೆ ಬಂದಿತ್ತು, ಚಾಕುವಿನಿಂದ ಸ್ವಲ್ಪ ಕೆರೆದೆ. ಅಲ್ಲಿ ಎಲೆಗಿಂತ ಜಾಸ್ತಿ ಘಾಟು.

ಹಣ್ಣು ಇವೆ. ಟೊಂಗೆ ತುದಿಗೆ ಸಡಿಲವಾದ ಗೊಂಚಲು, ಪ್ರತಿ ಹಣ್ಣಿಗೂ ಬೇರೆ ಬೇರೆ ಸಣ್ಣ ತೊಟ್ಟು. ಕಡಲೆ ಕಾಳಿಗಿಂತ ತುಸು ಸಣ್ಣದು, ದುಂಡಗೆ. ಕಾಯಿ ಹಸಿರು, ಆಮೇಲೆ ಗುಲಾಬಿ, ಪೂರ್ತಿ ಮಾಗಿದ್ದು ಕೆನ್ನೇರಳೆ. ಗುಲಾಬಿ ಹಂತದಲ್ಲಿ ಬಿಸಿಲಿಗೆ ಹಿಡಿದರೆ ಒಳಗಿನ ಬೀಜದ ನೆರಳು ಕಾಣುತ್ತದೆ, ಅಷ್ಟು ತೆಳು ಸಿಪ್ಪೆ. ಒಂದೇ ಬೀಜ. ಹಿಚುಕಿದರೆ ಬೆರಳಿಗೆ ಬಣ್ಣ ಹತ್ತುತ್ತದೆ. ಪಿಕಳಾರ ಹಕ್ಕಿಗಳು ನನ್ನನ್ನು ಲೆಕ್ಕಕ್ಕೇ ಇಡದೆ ತಿನ್ನುತ್ತಿದ್ದವು. ಹೂ ಬಹಳ ಕಡಿಮೆ ಉಳಿದಿವೆ, ಹಸಿರು-ಬಿಳಿ, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು.

ಚಿಟ್ಟೆ ಒಂದು ಎಲೆಯ ಮೇಲೆ ಕೂತು ಮೊಟ್ಟೆ ಇಡುತ್ತಿತ್ತು. ಒಂದೊಂದಲ್ಲ, ಒತ್ತೊತ್ತಾಗಿ ಒಂದೇ ಕಡೆ ರಾಶಿ.

ಬಾಯಿಗೆ ಹಾಕಲಿಲ್ಲ, ನೀವು ಬೈಯಬಾರದು ಅಂತ. ಈಗ ಹೆಸರು ಹೇಳಿ, ಜೆಸಿಬಿಯವನು ದಿನಾ ಫೋನ್ ಮಾಡುತ್ತಿದ್ದಾನೆ.

ಗುಡ್ಡದ ಮಾಸ್ತರ, ಬಾಗಲಕೋಟೆ

ಇಷ್ಟು ಚೆನ್ನಾಗಿ ನೋಡಿ ಬರೆದರೆ ಫೋಟೋನೇ ಬೇಡ.

ಅಕ್ಕಾರ, ಇದು ಮಿಸ್ವಾಕ್ ಗಿಡ. ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ನಿಮ್ಮ ಊರಿನ ಮಸೀದಿಗಳ ಮುಂದೆ ಮಾರುತ್ತಾರಲ್ಲ, ಅದು ಇದರ ಬೇರು. ಉತ್ತರ ಭಾರತದಲ್ಲಿ ಪೀಲು ಅನ್ನುತ್ತಾರೆ. ಶಾಸ್ತ್ರೀಯ ಹೆಸರು ಸಾಲ್ವಡೋರಾ ಪರ್ಸಿಕಾ. 1753ರಲ್ಲಿ ಲಿನೇಯಸ್ ಈ ಹೆಸರನ್ನು ದಾಖಲಿಸಿದ. ಆಫ್ರಿಕಾದ ಒಣ ನಾಡು, ಅರಬಸ್ತಾನ, ಇರಾನ್, ಅಲ್ಲಿಂದ ನಮ್ಮ ದೇಶದ ಒಣ ಪ್ರದೇಶದವರೆಗೂ ಇದರ ಹರವು. ಯಾರೋ ತಂದು ನೆಡಬೇಕಾದ ಗಿಡ ಅಲ್ಲ. ಹಕ್ಕಿ ಹಣ್ಣು ತಿಂದು ಬದುವಿನ ಮೇಲೆ ಬೀಜ ಹಾಕಿದರೆ ಸಾಕು.

ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ಆಪ್ ಯಾಕೆ ಆಲಿವ್ ಅಂದಿತು ಅನ್ನುವುದೂ ಅದರಲ್ಲೇ ಇದೆ. ಆಲಿವ್‌ಗೂ ಎಲೆ ಎದುರುಬದುರು, ದಪ್ಪ, ಮಾಸಲು ಹಸಿರು. ಫೋಟೋದಲ್ಲಿ ಅಷ್ಟೇ ಕಾಣುತ್ತದೆ. ಆಪ್‌ಗೆ ಮೂಗಿಲ್ಲ, ನಿಮಗಿದೆ. ಎದುರುಬದುರು ಎಲೆ, ಹಾಲಿಲ್ಲ, ಮುಳ್ಳಿಲ್ಲ, ಹಿಸುಕಿದರೆ ಸಾಸಿವೆ ಘಾಟು, ನೆಲ ಸವಳು: ಈ ಐದೂ ಒಟ್ಟಿಗೆ ಕೂಡಿದರೆ ನಮ್ಮ ಜಿಲ್ಲೆಗಳಲ್ಲಿ ಬೇರೆ ಗಿಡಕ್ಕೆ ಜಾಗ ಉಳಿಯುವುದಿಲ್ಲ.

ಸಾಸಿವೆ ವಾಸನೆ ಕಾಕತಾಳೀಯ ಅಲ್ಲ. ಈ ಗಿಡ ಸಾಸಿವೆಯ ದೂರದ ನೆಂಟ. ನುಗ್ಗೆ, ಪಪ್ಪಾಯಿ ಕೂಡ ಅದೇ ಬಳಗ. ಎಲೆ ಸುಮ್ಮನೆ ಇದ್ದಾಗ ಘಾಟು ಇರುವುದಿಲ್ಲ. ಹಿಸುಕಿದಾಗ ಒಳಗೆ ಬೇರೆ ಬೇರೆ ಕಡೆ ಇದ್ದ ಎರಡು ವಸ್ತು ಕೂಡಿ ಆ ಖಾರ ಹುಟ್ಟುತ್ತದೆ. ನಿಮಗೆ ಮೊದಲು ಹಸಿ ಸೊಪ್ಪಿನ ವಾಸನೆ, ಆಮೇಲೆ ಘಾಟು ಬಂದಿದ್ದು ಅದಕ್ಕೇ. ಮಿಸ್ವಾಕ್ ಬೇರಿನ ಖಾರದ ಹೆಸರು ಬೆಂಜೈಲ್ ಐಸೋಥಯೋಸಯನೇಟ್. ಪಪ್ಪಾಯಿ ಬೀಜದಲ್ಲೂ ಇದೇ ಇದೆ. ಬೇಕಾದರೆ ಖಾನಾವಳಿಯಲ್ಲಿ ಪಪ್ಪಾಯಿ ಹೆಚ್ಚಿದಾಗ ಒಂದು ಬೀಜ ಜಜ್ಜಿ ಮೂಸಿ ನೋಡಿ. ಗುರುತು ಸಿಗುತ್ತದೆ.

ಇದರದೇ ತಮ್ಮ ಇನ್ನೊಂದಿದೆ, ಸಾಲ್ವಡೋರಾ ಓಲಿಯಾಯ್ಡಿಸ್. ಅದರ ಎಲೆ ಕಿರಿದು, ಉದ್ದ, ಬೂದು ಬಣ್ಣ. ಹೂವಿಗೆ ತೊಟ್ಟೇ ಇರುವುದಿಲ್ಲ, ಕಡ್ಡಿಗೆ ಅಂಟಿಕೊಂಡಿರುತ್ತವೆ. ಹಣ್ಣು ಮಾಗಿದರೆ ಹಳದಿ, ಸಿಹಿ. ಅದು ರಾಜಸ್ಥಾನ, ಗುಜರಾತ್ ಕಡೆ ಜಾಸ್ತಿ. ಅಲ್ಲಿಯವರು ಅದನ್ನು ಮೀಠಾ ಜಾಲ್, ನಿಮ್ಮದನ್ನು ಖಾರಾ ಜಾಲ್ ಅಂತ ಕರೆಯುತ್ತಾರೆ. ನಿಮ್ಮ ಹಣ್ಣಿಗೆ ತೊಟ್ಟಿದೆ, ಬಣ್ಣ ಕೆನ್ನೇರಳೆ. ಹಾಗಾಗಿ ಗೊಂದಲ ಇಲ್ಲ. ನಾನು ಹೇಳಿದ ಅಜೀಮಾ ಕೂಡ ಇದೇ ಕುಟುಂಬದ್ದು, ಆದರೆ ಮುಳ್ಳಿನ ಪೊದೆ, ಹಣ್ಣು ಬಿಳಿ.

ಏಪ್ರಿಲ್‌ನಲ್ಲಿ ಹಸಿರು ಹೇಗೆ? ಬೇರು ಬಹಳ ಆಳಕ್ಕೆ ಹೋಗುತ್ತದೆ. ಉಪ್ಪು ನೀರು ಕುಡಿದೂ ಬದುಕುತ್ತದೆ, ಬಂದ ಉಪ್ಪನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎಲೆ ದಪ್ಪ ಇರುವುದಕ್ಕೆ ಅದೂ ಒಂದು ಕಾರಣ. ಆಡುಗಳು ಹುಡುಕಿಕೊಂಡು ಬರುವುದು ಆ ಉಪ್ಪಿಗೇ ಇರಬೇಕು. ಒಣ ನಾಡುಗಳಲ್ಲಿ ಒಂಟೆಗೆ ಇದು ಒಳ್ಳೆಯ ಮೇವು.

ಈಗ ಬೇಕಾದರೆ ಮಾಗಿದ ಹಣ್ಣು ಒಂದು ಬಾಯಿಗೆ ಹಾಕಿಕೊಳ್ಳಿ. ಸ್ವಲ್ಪ ಸಿಹಿ, ಹಿಂದೆಯೇ ಖಾರ. ಕೀಳಬೇಕೋ ಬೇಡವೋ ಅನ್ನುವುದು ನಿಮ್ಮ ಮನೆಯ ಮಾತು. ನನ್ನನ್ನು ಕೇಳಿದರೆ, ಸೊಂಟದಷ್ಟು ದಪ್ಪ ಬುಡ ಆಗಲಿಕ್ಕೆ ಈ ಗಿಡಕ್ಕೆ ಎಷ್ಟೋ ಕಾಲ ಹಿಡಿದಿರುತ್ತದೆ. ಅದು ನಿಧಾನಸ್ಥ ಗಿಡ. ಜೆಸಿಬಿಗೆ ಹತ್ತು ನಿಮಿಷದ ಕೆಲಸ.

ಗುಮ್ಮಟದ ಓಣಿ, ವಿಜಯಪುರ

ಅಕ್ಕಾವರೆ, ಅಸಲಾಮು ಅಲೈಕುಂ. ನಿಮ್ಮ ಖಾನಾವಳಿ ಯಾವುದೋ ಗೊತ್ತಿಲ್ಲ, ಗಿಡ ಮಾತ್ರ ಗೊತ್ತು. ನಮ್ಮ ಮನೆಯಲ್ಲಿ ಅಜ್ಜ ಬ್ರಷ್ಷು ಮುಟ್ಟಿದವರಲ್ಲ, ಕೊನೆವರೆಗೂ ಮಿಸ್ವಾಕೇ. ನಾನು ರಂಜಾನ್‌ನಲ್ಲಿ ತಪ್ಪದೆ ಬಳಸುತ್ತೇನೆ, ಉಳಿದ ದಿನ ಅರ್ಧಂಬರ್ಧ.

ಪ್ಲಾಸ್ಟಿಕ್‌ನಲ್ಲಿ ಬರುವ ಕಡ್ಡಿ ಬಹಳ ದಿನದ್ದಾದರೆ ಒಣಗಿ ಸಪ್ಪೆ ಆಗಿರುತ್ತದೆ. ತಾಜಾ ಬೇರಿನ ಖಾರ ಬೇರೆ, ನಾಲಿಗೆ ಚುರುಕ್ ಅನ್ನುತ್ತದೆ. ಟೊಂಗೆಯ ಕಡ್ಡಿಯೂ ನಡೆಯುತ್ತದೆ, ಆದರೆ ಬೇರು ಮೆತ್ತಗೆ, ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಕಿರುಬೆರಳಿನ ದಪ್ಪ ಇದ್ದರೆ ಸಾಕು. ತುದಿಯಲ್ಲಿ ಅರ್ಧ ಇಂಚು ಸಿಪ್ಪೆ ಕೆರೆದು ತೆಗೆಯಬೇಕು, ಆಮೇಲೆ ನಿಧಾನಕ್ಕೆ ಅಗಿಯಬೇಕು. ಕುಂಚದ ಹಾಗೆ ಆದ ಮೇಲೆ ಪೇಸ್ಟು ಗೀಸ್ಟು ಏನೂ ಬೇಡ, ಒಸಡಿನಿಂದ ಹಲ್ಲಿನ ಕಡೆಗೆ ಉಜ್ಜುವುದು. ಜೋರಾಗಿ ಅಡ್ಡ ತಿಕ್ಕಿದರೆ ಒಸಡು ಕೆತ್ತಿಹೋಗುತ್ತದೆ. ಬಳಸಿದ ತುದಿಯನ್ನು ಕತ್ತರಿಸಿ ಹೊಸ ತುದಿ ಮಾಡಿಕೊಳ್ಳುತ್ತಾ ಇರಬೇಕು, ಒಣಗಿದರೆ ನೀರಲ್ಲಿ ನೆನೆಹಾಕಬೇಕು.

ಒಂದು ವಿನಂತಿ. ಈ ವಿಷಯ ಗೊತ್ತಾದರೆ ಜನ ಬುಡಕ್ಕೇ ಗುದ್ದಲಿ ಹಾಕುತ್ತಾರೆ. ತಾಯಿಬೇರು ಮುಟ್ಟಬಾರದು. ಬುಡದಿಂದ ದೂರ ಹೋಗಿರುವ ಪಕ್ಕದ ಬೇರು ಒಂದೆರಡು ತೆಗೆದು ಮಣ್ಣು ಮುಚ್ಚಿದರೆ ಗಿಡಕ್ಕೆ ಏನೂ ಆಗುವುದಿಲ್ಲ.

ಚಿಟ್ಟೆ ಹಿಂದೆ, ಬೆಳಗಾವಿ

ಮಾಸ್ತರ ಎಲೆ ನೋಡಿ ಹೇಳಿದರು, ನಾನು ಚಿಟ್ಟೆ ನೋಡಿ ಹೇಳುತ್ತಿದ್ದೆ. ಮಾಸಿದ ಕಿತ್ತಳೆ-ಗುಲಾಬಿ ರೆಕ್ಕೆ, ಕಪ್ಪು ಅಂಚು, ಮೊಟ್ಟೆ ಒತ್ತೊತ್ತಾಗಿ ಗುಂಪಿನಲ್ಲಿ. ಅದು ಸ್ಮಾಲ್ ಸಾಮನ್ ಅರಬ್, ಕೊಲೋಟಿಸ್ ಅಮಾಟಾ. ಇದರ ಮರಿಹುಳು ತಿನ್ನುವುದು ಸಾಲ್ವಡೋರಾ ಮತ್ತು ಅಜೀಮಾ ಗಿಡಗಳನ್ನೇ. ಹುಳುಗಳು ಒಟ್ಟಿಗೆ ಗುಂಪು ಗುಂಪಾಗಿ ಮೇಯುತ್ತವೆ, ಒಂದೊಂದು ಟೊಂಗೆ ಬೋಳಾಗಬಹುದು. ಔಷಧ ಹೊಡೆಯಬೇಡಿ, ಗಿಡ ತಾನೇ ಮತ್ತೆ ಚಿಗುರುತ್ತದೆ. ಹೆಣ್ಣು ಚಿಟ್ಟೆಗಳಲ್ಲಿ ಕೆಲವು ಬೆಳ್ಳಗೆ ಇರುತ್ತವೆ, ಬೇರೆ ಜಾತಿ ಅಂದುಕೊಳ್ಳಬೇಡಿ. ನಮ್ಮ ಬೆಳಗಾವಿ ಕಡೆ, ಖಾನಾಪುರದ ಮಳೆಕಾಡಿನಲ್ಲಿ, ಎಷ್ಟೋ ಚಿಟ್ಟೆ ಸಿಗುತ್ತವೆ, ಇದು ಸಿಗುವುದಿಲ್ಲ. ಒಣ ಸೀಮೆಯ ಚಿಟ್ಟೆ.

ಸವಳು-ಜವಳು, ಮುದ್ದೇಬಿಹಾಳ

ನಾನು ಮಣ್ಣಿನ ಕೆಲಸದವನು, ಹೂವು ಹಣ್ಣು ಗೊತ್ತಿಲ್ಲ. ನಿಮ್ಮ ತಮ್ಮನವರ ಜೆಸಿಬಿ ಲೆಕ್ಕದ ಬಗ್ಗೆ ಮಾತ್ರ ಹೇಳುತ್ತೇನೆ.

ಮಿಸ್ವಾಕ್ ತಾನಾಗಿ ಬಂದು ಗಟ್ಟಿಯಾಗಿ ನಿಂತಿದೆ ಅಂದರೆ ಅಲ್ಲಿನ ಉಪ್ಪು ಸಾಧಾರಣದ್ದಲ್ಲ. ಬದು ಸಪಾಟು ಮಾಡಿ ಗುಂಟೆ ಜಾಸ್ತಿ ಉತ್ತರೂ ಅಲ್ಲಿ ಜೋಳ ತೆನೆ ಕಟ್ಟುವುದು ಕಷ್ಟ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಇಸಿ (ಮಣ್ಣಿನ ಉಪ್ಪಿನ ಅಳತೆ) ಮತ್ತು ಪಿಎಚ್ (ಹುಳಿ-ಕ್ಷಾರದ ಅಳತೆ) ಎರಡೂ ಬರೆಸಿಕೊಳ್ಳಿ. ಇಸಿ 4 ದಾಟಿದ್ದರೆ ಉಪ್ಪಿನ ನೆಲ, ಅದಕ್ಕೆ ಬಸಿಗಾಲುವೆ ಮಾಡಿ ಉಪ್ಪು ತೊಳೆದು ಹೋಗುವಂತೆ ಮಾಡಬೇಕು. ಪಿಎಚ್ 8.5 ದಾಟಿ, ಸೋಡಿಯಂ ಪಾಲು ಶೇ. 15ಕ್ಕಿಂತ ಜಾಸ್ತಿ ಇದ್ದರೆ ಅದು ಕ್ಷಾರದ ನೆಲ, ಅದಕ್ಕೆ ಜಿಪ್ಸಂ. ಎರಡಕ್ಕೂ ಮದ್ದು ಬೇರೆ. ಉಪ್ಪಿನ ನೆಲಕ್ಕೆ ಜಿಪ್ಸಂ ಸುರಿದು ದುಡ್ಡು ಕಳೆದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ.

ಕರ್ನಾಲ್‌ನಲ್ಲಿ ಕೇಂದ್ರ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಇದೆ. ಅದರ ಗುಜರಾತಿನ ಭರೂಚ್ ಕೇಂದ್ರದವರು ಉಪ್ಪಿನ ಎರಿ ಮಣ್ಣಿನಲ್ಲಿ ಇದೇ ಗಿಡವನ್ನು ಬೆಳೆಯಾಗಿ ಬೆಳೆಸಿ ನೋಡಿದ್ದಾರೆ. ಬೇರೇನೂ ಬಾರದ ನೆಲದಲ್ಲಿ ಬಂತು. ಬೀಜದಲ್ಲಿ ಸುಮಾರು ಶೇ. 40 ಎಣ್ಣೆ ಇರುತ್ತದೆ. ಅಡುಗೆಗೆ ಅಲ್ಲ, ಸಾಬೂನಿಗೆ. ಅದರಲ್ಲಿ ಲಾರಿಕ್ ಮತ್ತು ಮಿರಿಸ್ಟಿಕ್ ಆಮ್ಲ ಜಾಸ್ತಿ. ಹಾಗಂತ ‘ಮಿಸ್ವಾಕ್ ಹಚ್ಚಿದರೆ ಸವಳು ಹೋಗುತ್ತೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಲೆ ಕೊಯ್ದು ಹೊರಗೆ ಸಾಗಿಸಿದರೆ ಸ್ವಲ್ಪ ಉಪ್ಪು ಹೋಗಬಹುದು, ಅದೇ ಎಲೆ ಅಲ್ಲೇ ಉದುರಿದರೆ ಉಪ್ಪೂ ಅಲ್ಲೇ. ಈ ಗಿಡದಿಂದ ಆಗುವುದು ಇಷ್ಟು: ಹೊಳೆ ಕಡೆಯ ಬದು ಗಟ್ಟಿ ಹಿಡಿಯುತ್ತದೆ, ಗಾಳಿ ತಡೆಯುತ್ತದೆ, ಬೇಸಿಗೆಯಲ್ಲಿ ಆಡಿಗೆ ಮೇವು ಆಗುತ್ತದೆ. ನೀವು ನೀರು ಹಾಕಬೇಕಿಲ್ಲ, ಗೊಬ್ಬರ ಹಾಕಬೇಕಿಲ್ಲ.

ಕೀಳಲೇಬೇಕು ಅಂದರೆ ಜಾಲಿ ಕೀಳಿ. ನೆಲಮಟ್ಟಕ್ಕೆ ಕಡಿದರೆ ಮತ್ತೆ ನಾಲ್ಕು ಪಟ್ಟು ಚಿಗುರುತ್ತದೆ. ಬುಡ ಮಣ್ಣಿನೊಳಗಿನಿಂದ ಬಿಡಿಸಿ ತೆಗೆಯಬೇಕು, ಅಲ್ಲಿ ಜೆಸಿಬಿ ಕೆಲಸಕ್ಕೆ ಬರುತ್ತದೆ.

ರೊಟ್ಟಿ ಅಕ್ಕ, ವಿಜಯಪುರ

ಎಲ್ಲರಿಗೂ ಕೈಮುಗಿದೆ. ಪಪ್ಪಾಯಿ ಬೀಜ ಜಜ್ಜಿ ನೋಡಿದೆ ಮಾಸ್ತರ, ಹೌದು, ಅದೇ. ಊಟಕ್ಕೆ ಬಂದವರಿಗೂ ಮೂಸಿಸಿದೆ, ಅವರು ನನಗೆ ಏನೋ ಆಗಿದೆ ಅಂದುಕೊಂಡಿರಬೇಕು. ಹಣ್ಣೂ ತಿಂದೆ. ಮೊದಲು ಸಿಹಿ ಅಂದುಕೊಳ್ಳುವಷ್ಟರಲ್ಲಿ ಗಂಟಲ ತನಕ ಖಾರ. ಚಟ್ನಿಗೆ ಆದೀತು ಅನ್ನಿಸಿತು, ಆದರೆ ಗಿರಾಕಿಗಳ ಮೇಲೆ ಪ್ರಯೋಗ ಮಾಡುವುದಿಲ್ಲ.

ತಮ್ಮನಿಗೆ ಈ ಬರಹಗಳನ್ನೆಲ್ಲ ಕೂರಿಸಿ ಓದಿ ಹೇಳಿದೆ. ಚಿಟ್ಟೆ, ಲಿನೇಯಸ್ ಯಾವುದಕ್ಕೂ ಅವನು ಜಗ್ಗಲಿಲ್ಲ. ಅಲ್ಲಿ ಉತ್ತರೂ ತೆನೆ ಕಟ್ಟುವುದಿಲ್ಲ ಅಂದಿದ್ದಕ್ಕೆ ಸುಮ್ಮನಾದ. ‘ಹಂಗಾರ ಜಾಲಿ ಅಷ್ಟ ತಗಸ್ತೀನಿ’ ಅಂದ. ಅವನ ಕಡೆಯಿಂದ ಒಂದೇ ತಕರಾರು ಉಳಿದಿದೆ. ಟೊಂಗೆ ನೆಲಕ್ಕೆ ಬಿದ್ದು ಒಳಗೆ ಕತ್ತಲಾಗಿದೆ, ಹಂದಿ ಸೇರಿಕೊಳ್ಳುತ್ತವೆ, ಕಡಲೆ ಹಾಕಿದಾಗ ಕಾಟ. ಇದನ್ನು ಕಡಿದರೆ ತಡೆದುಕೊಳ್ಳುತ್ತದೆಯೇ?

ಮಣ್ಣು ಈ ವಾರವೇ ಕೊಡುತ್ತೇನೆ. ಆ ತುಂಡಿನದು ಬೇರೆ ಚೀಲ, ಮೇಲಿನ ಹೊಲದ್ದು ಬೇರೆ ಚೀಲ, ಸರಿ ತಾನೇ?

ಸವಳು-ಜವಳು, ಮುದ್ದೇಬಿಹಾಳ

ಸರಿ. ಬದುವಿನ ಪಕ್ಕದ ಮಣ್ಣು ಬೇಡ, ಹೊಲದ ನಡುವೆ ನಾಲ್ಕಾರು ಕಡೆಯಿಂದ ತೆಗೆದು ಕೂಡಿಸಿ. ಮೇಲೆ ಎದ್ದ ಬಿಳಿ ಉಪ್ಪನ್ನು ಕೆರೆದು ಹಾಕಬೇಡಿ, ಲೆಕ್ಕ ತಪ್ಪುತ್ತದೆ.

ಗುಡ್ಡದ ಮಾಸ್ತರ, ಬಾಗಲಕೋಟೆ

ಚೆನ್ನಾಗಿ ತಡೆದುಕೊಳ್ಳುತ್ತದೆ. ಬುಡಕ್ಕೆ ಕಡಿದರೂ ಮತ್ತೆ ಚಿಗುರುವ ಜಾತಿ ಇದು. ನೀವು ಅಷ್ಟು ಮಾಡಬೇಕಿಲ್ಲ. ಎದೆಮಟ್ಟದವರೆಗಿನ ಟೊಂಗೆ ತೆಗೆಸಿ ಕೆಳಗೆ ಬೆಳಕು ಬರುವ ಹಾಗೆ ಮಾಡಿ, ಹಂದಿಗೆ ಮರೆ ಇರುವುದಿಲ್ಲ. ಮೇಲಿನ ನೆರಳು ನಿಮಗೆ ಉಳಿಯುತ್ತದೆ. ಹಣ್ಣು ಮುಗಿದ ಮೇಲೆ ಕಡಿಸಿ, ಹಕ್ಕಿಗಳ ಪಾಲು ಯಾಕೆ ತಪ್ಪಿಸಬೇಕು. ಕಡಿದ ಸೊಪ್ಪು ಆಡಿಗೆ ಹಾಕಿ.

ಕೃಷ್ಣಾ ತೀರ, ಅಥಣಿ

ನಮ್ಮದೂ ಸವಳು ಅಕ್ಕಾರ, ಆದರೆ ಬೇರೆ ದಾರಿಯಿಂದ ಬಂದಿದ್ದು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನೆಲ ಕೆಡಿಸಿಕೊಂಡವರು ನಾವು. ಅಥಣಿ, ರಾಯಬಾಗ ಕಡೆ ಇಂಥ ಹೊಲ ಬೇಕಾದಷ್ಟಿವೆ. ಬದುವಿಗೆ ಹಚ್ಚಲು ಈ ಗಿಡದ ಬೀಜ ಸಿಗಬಹುದೇ? ಹೇಗೆ ಮೊಳಕೆ ಬರಿಸುವುದು?

ಗುಡ್ಡದ ಮಾಸ್ತರ, ಬಾಗಲಕೋಟೆ

ಪೂರ್ತಿ ಮಾಗಿದ ಹಣ್ಣು ತಗೊಳ್ಳಿ. ತಿರುಳನ್ನು ನೀರಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಬೇಕು, ಒಂದು ಚೂರೂ ಉಳಿಯಬಾರದು. ತಿರುಳಿನಲ್ಲಿ ಮೊಳಕೆ ತಡೆಯುವ ಗುಣ ಇದೆ. ತೊಳೆದ ಬೀಜವನ್ನು ನೆರಳಲ್ಲಿ ಆರಿಸಿ ಕೂಡಲೇ ಚೀಲಕ್ಕೆ ಹಾಕಿ. ಇಟ್ಟುಕೊಂಡು ಮುಂದಿನ ವರ್ಷ ಬಿತ್ತುತ್ತೇನೆ ಅಂದರೆ ಕೈಕೊಡುತ್ತದೆ. ಸಸಿ ಇದ್ದಾಗ ಸಿಹಿನೀರು ಕೊಡಿ. ಉಪ್ಪು ತಡೆಯುವ ಗಿಡ ಅಂತ ಮೊದಲ ದಿನದಿಂದಲೇ ಸವಳಿಗೆ ಹಚ್ಚಿದರೆ ಎಳೆಯದು ಸಾಯುತ್ತದೆ. ಆಡುಗಳಿಂದ ಬೇಲಿ ಬೇಕೇ ಬೇಕು.

ರೊಟ್ಟಿ ಅಕ್ಕ, ವಿಜಯಪುರ

ಬೀಜಕ್ಕೆ ದುಡ್ಡು ಬೇಡ ಅಣ್ಣಾರ, ಬಂದು ಆರಿಸಿಕೊಂಡು ಹೋಗಿ. ಗುಮ್ಮಟದ ಓಣಿಯವರೂ ಬನ್ನಿ, ಕುಸಿದ ಕಡೆ ಹೊರಗೆ ಬಂದ ಬೇರು ಹೇಗೂ ಇದೆ. ನಾನು ಮಂಗಳವಾರ ಖಾನಾವಳಿ ಮುಚ್ಚುತ್ತೇನೆ, ಆವತ್ತು ಹೊಲದಲ್ಲಿ ಇರುತ್ತೇನೆ. ಬೆಳಗ್ಗೆ ಎಂಟರೊಳಗೆ ಬಂದರೆ ಒಳ್ಳೆಯದು, ಆಮೇಲೆ ಬಿಸಿಲಿಗೆ ನಿಲ್ಲಲು ಆಗುವುದಿಲ್ಲ. ಕುಡಿಯುವ ನೀರು ನೀವೇ ತನ್ನಿ, ನಮ್ಮ ಬಾವಿಯದು ಬಾಯಿಗೆ ಹಾಕುವ ಹಾಗಿಲ್ಲ. ರೊಟ್ಟಿ, ಶೇಂಗಾ ಚಟ್ನಿ ನನ್ನ ಕಡೆಯಿಂದ.